ಸಡಿಲಿದ ತೊಗಲೂ ಕಾಯವಿಚಾರವೂ

ಅತಿಯಾಗಿ ಬೆಳೆದ ದೇಹವನ್ನು ನಿಯಮದಿಂದ ಇಳಿಸಿಕೊಂಡವನಿಗೆ ಹರ್ಷವುಂಟಾಗಬೇಕು. ಆದರೆ ಅನೇಕರಿಗೆ ಲಜ್ಜೆಯುಂಟಾಗುತ್ತದೆ. ಭಾರವು ಹೋಯಿತು; ಅದನ್ನು ಹೊದ್ದಿದ್ದ ತೊಗಲು ಮಾತ್ರ ಹಿಂದಿನ ಅಳತೆಯಲ್ಲಿಯೇ ಉಳಿದು ಹೊಟ್ಟೆಯ ಮೇಲೆ, ತೋಳಿನ ಕೆಳಗೆ, ಕೊರಳಿನಲ್ಲಿ ಜೋಲುತ್ತದೆ. ಇದರ ವಿಷಯವಾಗಿ ಶರಣಧರ್ಮವು ಹೇಳುವುದೇನಾದರೂ ಉಂಟೆ, ಇದು ವೈದ್ಯರ ಮಾತಲ್ಲವೆ ಎಂದು ಕೆಲವರು ಕೇಳಬಹುದು. ವೈದ್ಯರ ಮಾತೂ ಹೌದು. ಆದರೆ ಲಜ್ಜೆ ಹುಟ್ಟಿದೊಡನೆ ಅದು ವೈದ್ಯರೊಬ್ಬರ ಮಾತಾಗಿ ಉಳಿಯುವುದಿಲ್ಲ.

ತೊಣ್ಣೂರಿನ ಕಡೆಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಎರಡು ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆ ಆ ಊರಿನದು; 1746ರಲ್ಲಿ ಅಲ್ಲಿಗೆ ಬಂದ ನಾಸಿರ್ ಜಂಗನು ನೀರಿನ ತಿಳಿಯನ್ನು ಕಂಡು ಅದನ್ನು ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನು. ಸುತ್ತಲೂ ಕಬ್ಬು, ಭತ್ತ, ಆಲೆಮನೆಯ ಹೊಗೆ. ಈ ಗೃಹಸ್ಥನ ತಂದೆ ನೇಗಿಲ ಹಿಂದೆ ನಡೆದವನು. ಇವನ ಹೊಲವನ್ನು ಯಂತ್ರ ಉಳುತ್ತದೆ, ಪಾಂಡವಪುರದ ಪೇಟೆಗೆ ಮೋಟಾರು ಸೈಕಲ್ಲು ಒಯ್ಯುತ್ತದೆ. ನಡಿಗೆ ಇಳಿಯಿತು, ಮುದ್ದೆಯ ಗಾತ್ರ ಮಾತ್ರ ಇಳಿಯಲಿಲ್ಲ. ಸಕ್ಕರೆ ಕಾಯಿಲೆಯ ಸೂಚನೆ ಕಂಡು ವೈದ್ಯರು ಎಚ್ಚರಿಸಿದ ಮೇಲೆ ಅವನು ಎರಡು ವರ್ಷ ವ್ರತದಂತೆ ನಡೆದು ಮೂವತ್ತು ಕಿಲೋ ಇಳಿಸಿದನು. ಆಗ ಎದುರಾದವರೆಲ್ಲರೂ ಕೇಳಿದ್ದು ಒಂದೇ: "ಯಾಕಪ್ಪಾ ಹಿಂಗೆ ಸೊರಗಿಹೋದೆ? ಕಾಯಿಲೆಯಾ, ಸಾಲವಾ?" ಹಳ್ಳಿಯಲ್ಲಿ ತುಂಬಿದ ಮೈ ಸುಭಿಕ್ಷದ ಗುರುತು, ಜೋತ ಮೈ ದಾರಿದ್ರ್ಯದ ಗುರುತು. ನಡುಮನೆಯಲ್ಲಿ ಬರಿಯ ಎದೆಯ ಮೇಲೆ ಶಿವದಾರ ಧರಿಸಿ ಲಿಂಗಪೂಜೆ ಮಾಡುತ್ತಿದ್ದವನು ಈಗ ಕೋಣೆಯ ಕದವಿಕ್ಕಿ ಶಾಲು ಹೊದೆದು ಮಾಡುತ್ತಾನೆ. ಕೆರೆಯ ಸ್ನಾನವನ್ನಂತೂ ಬಿಟ್ಟನು. ಕೊನೆಗೆ ಅವನ ಮನಸ್ಸಿನಲ್ಲಿ ಒಂದು ಯೋಚನೆ ಮೂಡುತ್ತದೆ: ಮತ್ತೆ ಸ್ವಲ್ಪ ತಿಂದು ಈ ತೊಗಲನ್ನು ತುಂಬಿಸಿಬಿಟ್ಟರೆ ವಾಸಿಯಲ್ಲವೆ?

ಅಪಾಯವಿರುವುದು ಇಲ್ಲಿಯೇ. ಜೋಲುವ ತೊಗಲಿನಿಂದ ಯಾರೂ ಸಾಯುವುದಿಲ್ಲ. ಅದರ ಲಜ್ಜೆಗೆ ಹೆದರಿ ಹಳೆಯ ರೋಗವನ್ನು ಮರಳಿ ಮನೆಗೆ ಕರೆಯುವವನು ಆಯುಷ್ಯವನ್ನೇ ಕಳೆದುಕೊಂಡಾನು.

ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕು. ಸುಶ್ರುತಸಂಹಿತೆಯು ಗರ್ಭದಲ್ಲಿ ಚರ್ಮ ಹುಟ್ಟುವುದನ್ನು ಕಾಯುವ ಹಾಲಿನ ಮೇಲೆ ಕೆನೆಗಟ್ಟುವುದಕ್ಕೆ ಹೋಲಿಸಿ ಏಳು ಪದರಗಳನ್ನು ಎಣಿಸುತ್ತದೆ; ಚರಕಸಂಹಿತೆಯ ಎಣಿಕೆ ಆರು. ಇಂದಿನ ವೈದ್ಯಶಾಸ್ತ್ರವು ಹೇಳುವಂತೆ ಚರ್ಮದ ಒಳಪದರದಲ್ಲಿ ಕೊಲ್ಯಾಜೆನ್, ಎಲಾಸ್ಟಿನ್ ಎಂಬ ಎರಡು ಬಗೆಯ ಎಳೆಗಳಿವೆ. ಮೊದಲನೆಯದು ಬಲವನ್ನು ಕೊಡುತ್ತದೆ, ಎರಡನೆಯದು ಹಿಗ್ಗಿದುದನ್ನು ಮರಳಿ ಕುಗ್ಗಿಸುತ್ತದೆ. ಅನೇಕ ವರ್ಷ ಹಿಗ್ಗಿಯೇ ಇದ್ದ ತೊಗಲಿನಲ್ಲಿ ಈ ಎಳೆಗಳು ಕೆಡುತ್ತವೆ. ವಯಸ್ಸು, ಬಿಸಿಲು, ಬೀಡಿ ಸಿಗರೇಟು ಅವನ್ನು ಮತ್ತಷ್ಟು ಕೆಡಿಸುತ್ತವೆ. ಹರೆಯದವನು ಅಲ್ಪಸ್ವಲ್ಪ ಇಳಿದರೆ ತೊಗಲು ಕೆಲವು ತಿಂಗಳಲ್ಲಿ ತಾನಾಗಿ ಹೊಂದಿಕೊಳ್ಳಬಹುದು. ಐವತ್ತರ ಮೇಲೆ ಬಹಳ ಇಳಿದವನಿಗೆ ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ. ಅಂಗಡಿಯ ಲೇಪನಗಳು ಮೈಯನ್ನು ಮೃದುಮಾಡಬಲ್ಲವು, ಹೋದ ಎಳೆಗಳನ್ನು ತರಲಾರವು. ಹಾಗೆ ತರುವೆನೆಂದು ಮಾರುವವನ ಮಾತು ಸುಳ್ಳು. ಸ್ನಾಯುಗಳನ್ನು ಬಲಪಡಿಸುವ ದುಡಿಮೆ, ಬೇಳೆಕಾಳು ಹಾಲುಮೊಸರುಗಳ ಆಹಾರ ಇವು ತೊಗಲಿನ ಕೆಳಗನ್ನು ಕೊಂಚ ತುಂಬಿಸುತ್ತವೆ, ಅಷ್ಟೆ. ಮಡಿಕೆಗಳ ನಡುವೆ ಬೆವರು ನಿಂತು ತಿಕ್ಕಾಟವಾಗಿ ಕೆಂಪು, ನವೆ, ಹುಣ್ಣು ಆಗುವುದುಂಟು. ದಿನವೂ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಹತ್ತಿಯ ಬಟ್ಟೆ ಉಡಬೇಕು. ಸಕ್ಕರೆ ಕಾಯಿಲೆಯವರಂತೂ ಇದನ್ನು ಅಲಕ್ಷಿಸಬಾರದು.

ಚರಕಸಂಹಿತೆಯ ಅಷ್ಟೌನಿಂದಿತೀಯವೆಂಬ ಅಧ್ಯಾಯವು ನಿಂದಿತವಾದ ಎಂಟು ಬಗೆಯ ಶರೀರಗಳನ್ನು ಹೇಳುತ್ತದೆ: ಅತಿ ಎತ್ತರದವನು, ಅತಿ ಗಿಡ್ಡನು, ಅತಿ ರೋಮವುಳ್ಳವನು, ರೋಮವಿಲ್ಲದವನು, ಅತಿ ಕಪ್ಪಿನವನು, ಅತಿ ಬಿಳುಪಿನವನು, ಅತಿ ದಪ್ಪನು, ಅತಿ ಬಡವಾದವನು. ಇವರಲ್ಲಿ ಕೊನೆಯ ಇಬ್ಬರ ಚಿಕಿತ್ಸೆಯನ್ನೇ ಆಚಾರ್ಯನು ವಿಸ್ತರಿಸಿ, ದಪ್ಪಕ್ಕಿಂತ ಬಡವಾಗಿರುವುದೇ ಮೇಲೆಂದು ತೀರ್ಮಾನಿಸುತ್ತಾನೆ. ಸೊರಗಿದೆಯೆಂದು ಮರುಗುವ ನೆರೆಹೊರೆಯವರಿಗೆ ಇದು ತಕ್ಕ ಉತ್ತರ. ಆದರೆ ಬಣ್ಣವನ್ನೂ ನೀಳವನ್ನೂ ನಿಂದೆಯ ಪಟ್ಟಿಗೆ ಸೇರಿಸುವ ಈ ಎಣಿಕೆಯನ್ನು ಶರಣಮಾರ್ಗವು ಒಪ್ಪುವುದು ಕಷ್ಟ. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನವರ ದೃಷ್ಟಿಯಲ್ಲಿ ಯಾವ ದೇಗುಲ ನಿಂದಿತವಾದೀತು? ಇಷ್ಟಲಿಂಗವನ್ನು ಧರಿಸಿದ ಅಂಗವು ಲಿಂಗದ ಅಂಗವೆಂದು ದೀಕ್ಷೆಯಲ್ಲಿ ಒಪ್ಪಿದ ಮೇಲೆ, ಅದರ ಈ ಭಾಗ ಲಿಂಗಕ್ಕೆ, ಜೋತ ಆ ಭಾಗ ನಾಚಿಕೆಗೆ ಎಂದು ಹಂಚುವುದು ಹೇಗೆ?

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದದ್ದು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ದಪ್ಪವಾದ ದೇಹವೂ ಬೇಕಾದುದಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯೇ. ಅದನ್ನು ಮರಳಿ ಸುರಿದು ಬಂದವನ ಚೀಲವು ಸಡಿಲವಾಗಿರುತ್ತದೆ. ಬರಿದಾದ ಆ ಚೀಲವನ್ನು ಕಂಡು ಲಕ್ಕಮ್ಮ ನಾಚುತ್ತಿದ್ದಳೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಾಗಾದರೆ ಉಡುಗೆಯನ್ನೇ ತೊರೆದ ಅಕ್ಕಮಹಾದೇವಿಯಂತೆ ದೇಹದ ಪರಿವೆಯನ್ನೇ ಬಿಡಬೇಕೆ? ಚಿಕಿತ್ಸೆಯನ್ನು ಬಯಸುವುದು ಮೋಹವೆ? ಮಾತು ದೊಡ್ಡದು, ಆದರೆ ಅದನ್ನು ಆಡುವವರು ಬಹುಮಟ್ಟಿಗೆ ಇನ್ನೊಬ್ಬರಿಗಾಗಿ ಆಡುತ್ತಾರೆ. ಹೆರಿಗೆಗಳಾದ ಮೇಲೆ ಬೆಳೆದ ಮೈಯನ್ನು ಶ್ರಮದಿಂದ ಇಳಿಸಿ, ಕಿಬ್ಬೊಟ್ಟೆಯ ಮಡಿಕೆಯ ಹುಣ್ಣಿನಿಂದ ಬಾಗಿ ಕಸಗುಡಿಸಲಾರದ ಸೊಸೆಗೆ ಅಕ್ಕನ ವೈರಾಗ್ಯವನ್ನು ಬೋಧಿಸುವ ಅತ್ತೆಯು ವಚನವನ್ನು ಹೇಳುತ್ತಿಲ್ಲ, ವೈದ್ಯರ ಖರ್ಚನ್ನು ಉಳಿಸುತ್ತಿದ್ದಾಳೆ. ಅನುಭವಮಂಟಪಕ್ಕೆ ಬಂದ ಅಕ್ಕನನ್ನು ಕೂಡ ಅಲ್ಲಮಪ್ರಭುಗಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆಂದು ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಂತಹ ವೈರಾಗ್ಯನಿಧಿಗೂ ಮೈಯ ಪ್ರಶ್ನೆ ಎದುರಾಯಿತೆಂದರೆ, ಸಂಸಾರಿಯು ಆ ಪ್ರಶ್ನೆಯಲ್ಲಿ ಸಿಲುಕುವುದು ಅಪರಾಧವಲ್ಲ.

ಚರ್ಮವನ್ನು ಕತ್ತರಿಸಿ ಸರಿಪಡಿಸುವುದು ಈ ನೆಲಕ್ಕೆ ಹೊಸದೂ ಅಲ್ಲ. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಶ್ರೀರಂಗಪಟ್ಟಣದ ಬಳಿ ಮುಂಬಯಿಯ ದಂಡನ್ನು ಸೇರಿದನು. ಒಂದು ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಇದ್ದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ತೊಗಲನ್ನು ಬಗ್ಗಿಸಿ ಹೊಸ ಮೂಗನ್ನು ಕೂಡಿಸಿದನು. 1794ರಲ್ಲಿ ಈ ವರದಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯುರೋಪಿನ ವೈದ್ಯರ ಕಣ್ಣನ್ನು ತೆರೆಯಿತು. ಮೂಗನ್ನು ಬಯಸಿದ ಆ ಎತ್ತಿನವನನ್ನು ಮೋಹಿಯೆಂದು ಯಾರೂ ಹಳಿಯಲಾರರು.

ಆದರೂ ಮೂಗು ಬೇರೆ, ಹೊಟ್ಟೆಯ ಮಡಿಕೆ ಬೇರೆ. ಹುಣ್ಣು ಮಾಯದೆ, ಕಾಯಕಕ್ಕೆ ಅಡ್ಡಿಯಾಗುವ ತೊಗಲನ್ನು ತೆಗೆಸುವುದು ಕಾಯದ ಸೇವೆಯೇ. ಅದಕ್ಕೂ ಅವಸರ ಸಲ್ಲದು. ತೂಕವು ಹಲವು ತಿಂಗಳು ಏರದೆ ಇಳಿಯದೆ ನಿಂತ ಮೇಲೆ, ಜಠರವನ್ನು ಕಿರಿದುಮಾಡಿಸಿಕೊಂಡವರು ಒಂದೂವರೆ ವರ್ಷದಷ್ಟು ಕಾದ ಮೇಲೆ, ವೈದ್ಯರು ಇದಕ್ಕೆ ಕೈಹಾಕುತ್ತಾರೆ. ರಕ್ತಸ್ರಾವ, ಕೀವು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಇವುಗಳ ಭಯವುಂಟು. ಸೊಂಟದ ಈ ಕಡೆಯಿಂದ ಆ ಕಡೆಗೆ ಉದ್ದವಾದ ಕಲೆ ಉಳಿಯುತ್ತದೆ. ತೊಗಲು ಹೋಗಿ ಗೆರೆ ಬರುತ್ತದೆ. ಬರಿಯ ನೋಡುವವರ ಕಣ್ಣಿಗಾಗಿ, ಮಗಳ ಓದಿಗೆಂದು ಕೂಡಿಟ್ಟ ಹಣವನ್ನೋ ಗದ್ದೆಯ ತುಂಡನ್ನೋ ಇದಕ್ಕೆ ಸುರಿಯುವವನನ್ನು ಮಾತ್ರ ಹಿತವರು ತಡೆಯಬೇಕು. ಕೈಯಲ್ಲಿ ಹಣವಿದ್ದು, ಅಪಾಯವನ್ನರಿತು, ಮನಸ್ಸಿನ ನೆಮ್ಮದಿಗಾಗಿ ಮಾಡಿಸಿಕೊಂಡವನನ್ನು ಹಂಗಿಸುವ ಅಧಿಕಾರ ಯಾರಿಗೂ ಇಲ್ಲ.

ಊಹಿಸಿಕೊಂಡ ಆ ಗೃಹಸ್ಥನಿಗೆ ಹುಣ್ಣಿಲ್ಲ, ದುಡಿಮೆಗೆ ಅಡ್ಡಿಯಿಲ್ಲ, ಅವನಿಗಿರುವುದು ಲಜ್ಜೆಯೊಂದೇ. ಅದನ್ನು ಕತ್ತಿ ತೆಗೆಯಲಾರದು, ಮನೆಯವರು ತೆಗೆಯಬಲ್ಲರು. ಹೆಂಡತಿಯು ಕೋಣೆಯ ಕದ ತೆರೆದು, "ನಡುಮನೇಲೇ ಕೂತ್ಕೊಳ್ಳಿ, ಮಕ್ಕಳೂ ಪೂಜೆ ನೋಡಲಿ" ಎಂದಾಳು. ವಿಭೂತಿಯನ್ನು ಧರಿಸುವಾಗ ಹೊಟ್ಟೆಯ ತೊಗಲು ಮಡಿಚಿಕೊಂಡು ಮೂರು ಗೆರೆಗಳು ನೇರವಾಗಿ ಮೂಡುವುದಿಲ್ಲ. ಎಡಗೈಯಿಂದ ತೊಗಲನ್ನು ತುಸು ಎಳೆದು ಹಿಡಿದು, ಬಲಗೈಯ ಮೂರು ಬೆರಳುಗಳಿಂದ ನಿಧಾನವಾಗಿ ಎಳೆಯಬೇಕಾಗುತ್ತದೆ.