ರಾಶಿಯೊಳಗೆ ಕೈ ಹಾಕಿದಾಗ

ಹತ್ತಿಯ ಸುಗ್ಗಿಯಲ್ಲಿ ರಾಯಚೂರಿನ ರಾಜೇಂದ್ರ ಗಂಜ್‌ಗೆ ಹೋದವರು ಈ ನೋಟವನ್ನು ಕಂಡೇ ಇರುತ್ತಾರೆ. ದೇವದುರ್ಗದ ಕಡೆಯಿಂದಲೋ ಮಾನ್ವಿಯ ಕಡೆಯಿಂದಲೋ ಬಂದ ರೈತ ತನ್ನ ಹತ್ತಿಯನ್ನು ಇಳಿಸಿ ನಿಂತಿರುತ್ತಾನೆ. ಖರೀದಿದಾರ ಮೇಲಿನ ಬಿಳುಪನ್ನು ನೋಡಿ ಬೆಲೆ ಹೇಳುವುದಿಲ್ಲ. ಮೊಳಕೈವರೆಗೆ ಕೈ ಒಳಗೆ ತೂರಿಸಿ, ನಡುವಿನಿಂದ ಒಂದು ಹಿಡಿ ಎಳೆದು, ತೇವ ಎಷ್ಟಿದೆ, ಕಸ ಎಷ್ಟಿದೆ ಎಂದು ನೋಡಿದ ಮೇಲೆಯೇ ಬಾಯಿ ಬಿಡುತ್ತಾನೆ.

ಕೈಗೆ ಸಿಗುವ ಸರಕಿಗೆ ಈ ಪರೀಕ್ಷೆ ಸಾಧ್ಯ. ಕೈಗೆ ಸಿಗದ ಸರಕಿಗೆ?

ಮಾನ್ವಿಯಲ್ಲಿ ಕಾಲೇಜು ಓದುತ್ತಿರುವ ನನ್ನ ಅಕ್ಕನ ಮಗ ಒಂದು ದಿನ ಕೇಳಿದ: “ಮಾಮು, ದುಡ್ಡು ಕೊಟ್ಟು ತಗೊಂಡ ಗೇಮು ಟ್ರೈಲರ್‌ನಾಗ ತೋರಿಸಿದಂಗ ಇಲ್ಲಂದ್ರ ಅದು ಮೋಸ ಅಲ್ಲೇನು?” ಯಾವ ಆಟ ಎಂಬುದು ಇಲ್ಲಿ ಮುಖ್ಯವಲ್ಲ. ಹುಡುಗರ ಆಟದ ಮಾತೆಂದು ನಕ್ಕು ಬಿಡಬಹುದಿತ್ತು. ಆದರೆ ಪ್ರಶ್ನೆ ಆಟದ್ದಲ್ಲ, ವ್ಯಾಪಾರದ್ದು, ಕೊಟ್ಟ ಮಾತಿನದ್ದು.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಒಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ಹತ್ತಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಧಾನ್ಯ ನೆನೆದದ್ದು ಅಪರಾಧವಾಗಲಿಲ್ಲ. ಮಳೆ ಯಾರ ಕೈಯಲ್ಲೂ ಇಲ್ಲ. ನೆನೆದದ್ದನ್ನು ಅಡಿಯಲ್ಲಿಟ್ಟದ್ದು ಅಪರಾಧವಾಯಿತು.

ಈ ಅಳತೆಗೋಲನ್ನು ಹಿಡಿದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ ‘ಸೈಬರ್‌ಪಂಕ್ 2077’ ಆಟವನ್ನು ನೋಡೋಣ. 2020ರಲ್ಲಿ ಬಿಡುಗಡೆಯ ದಿನವನ್ನು ಮೂರು ಸಲ ಮುಂದೂಡಿ, ಕೊನೆಗೆ ಡಿಸೆಂಬರ್ 10ರಂದು ಅದನ್ನು ಹೊರತರಲಾಯಿತು. ಅಷ್ಟರಲ್ಲಿ 80 ಲಕ್ಷ ಪ್ರತಿಗಳು ಮುಂಗಡವಾಗಿಯೇ ಮಾರಾಟವಾಗಿದ್ದವು. ವಿಮರ್ಶಕರಿಗೆ ಮೊದಲೇ ಕೊಟ್ಟದ್ದು ಚೆನ್ನಾಗಿ ಓಡುವ ಕಂಪ್ಯೂಟರ್ ಆವೃತ್ತಿಯನ್ನು ಮಾತ್ರ. ಹಳೆಯ ಪ್ಲೇಸ್ಟೇಷನ್‌ನಲ್ಲಿ ಅದು ತಡವರಿಸುವುದು, ನಡುವೆಯೇ ನಿಂತುಹೋಗುವುದು ಹಣ ಕೊಟ್ಟವರಿಗೆ ಮನೆಯಲ್ಲಿ ಗೊತ್ತಾಯಿತು. ಒಂದೇ ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನು ತೆಗೆದು, ಕೊಂಡವರಿಗೆ ಹಣ ಮರಳಿಸಿತು. ಒಣಗಿದ ಕಾಳು ಮೇಲೆ, ತೇವದ ಕಾಳು ಕೆಳಗೆ.

ಹಾಗೆಂದು ಎಲ್ಲ ನಿರಾಸೆಯೂ ಮೋಸವೇ? ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ತೆತ್ತರು. ಸೆಪ್ಟೆಂಬರ್ 2ರಂದು ಸರಕಾರ ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ‘ಫೌ-ಜಿ’ಯನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು. ಲಕ್ಷಾಂತರ ಮಂದಿ ಮುಂಚೆಯೇ ಹೆಸರು ನೋಂದಾಯಿಸಿದರು. 2021ರ ಜನವರಿ 26ರಂದು ಆಟ ಬಂದಾಗ ಅದರಲ್ಲಿದ್ದುದು ಒಬ್ಬನೇ ಆಡುವ ಕೈಕೈ ಮಿಲಾಯಿಸುವ ಕಾಳಗ. ಪಬ್‌ಜಿಯಂತೆ ನೂರು ಜನ ಒಟ್ಟಿಗೆ ಆಡುವ ಆಟವನ್ನು ಕಾದಿದ್ದವರು ಸಿಟ್ಟಾದರು. ಒಂದೊಂದೇ ನಕ್ಷತ್ರ ಕೊಟ್ಟು ಅದರ ದರ್ಜೆಯನ್ನು ಇಳಿಸಿದರು. ಆದರೆ ಟ್ರೈಲರ್ ತೋರಿಸಿದ್ದೂ ಕೈಕೈ ಮಿಲಾಯಿಸುವ ಕಾಳಗವನ್ನೇ. ಘೋಷಣೆಯ ಗಳಿಗೆಯೇ ಆಸೆಯನ್ನು ಉಬ್ಬಿಸಿತು ಎಂಬುದು ನಿಜ. ಉಳಿದದ್ದನ್ನು ನಾವೇ ಕಟ್ಟಿಕೊಂಡಿದ್ದೆವು.

ನಿರೀಕ್ಷೆ ಬೇರೆ, ವಾಗ್ದಾನ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಾರದಿದ್ದರೆ ಅವನು ಆಕಾಶವನ್ನು ಮೋಸಗಾರನೆನ್ನುವುದಿಲ್ಲ. ಆದರೆ ಬಿಡುತ್ತೇವೆಂದು ಹೇಳಿದ ನೀರನ್ನು ಮೇಲ್ಭಾಗದವರು ಕದ್ದರೆ ಬೀದಿಗಿಳಿಯುತ್ತಾನೆ. ಮೊದಲನೆಯದು ಅವನ ಆಸೆ, ಎರಡನೆಯದು ಅವನ ಹಕ್ಕು.

ಇನ್ನೂ ಸಿದ್ಧವಾಗದ ಸರಕಿಗೆ ಮುಂಗಡ ಹಣ ಕೊಡುವುದು ಹೊಸ ಪದ್ಧತಿಯೇನಲ್ಲ. ಮದೀನಾದ ಜನರು ಒಂದೆರಡು ವರ್ಷ ಮುಂಚೆಯೇ ಖರ್ಜೂರಕ್ಕೆ ಹಣ ಕೊಡುತ್ತಿದ್ದರು. ಪ್ರವಾದಿವರ್ಯರು(ಸ) ಅದನ್ನು ತಡೆಯಲಿಲ್ಲ. ಅಳತೆ, ತೂಕ, ಅವಧಿ ಮೂರನ್ನೂ ಖಚಿತಪಡಿಸಿಕೊಳ್ಳಿರೆಂದು ಬೋಧಿಸಿದರು. ಕರ್ಮಶಾಸ್ತ್ರದಲ್ಲಿ ಇದಕ್ಕೆ ‘ಸಲಮ್’ ಎಂದು ಹೆಸರು. ನೀರಿನೊಳಗಿನ ಮೀನನ್ನು ಮಾರುವಂಥ ಅನಿಶ್ಚಿತ ವ್ಯಾಪಾರ ‘ಗರರ್’, ಅದು ನಿಷಿದ್ಧ. ಕೊಂಡದ್ದರಲ್ಲಿ ಮುಚ್ಚಿಟ್ಟ ದೋಷ ಕಂಡರೆ ಹಿಂತಿರುಗಿಸುವ ಹಕ್ಕೂ ಕೊಳ್ಳುವವನಿಗಿದೆ. ಇಂದಿನ ಮುಂಗಡ ಬುಕಿಂಗ್‌ನಲ್ಲಿ ಹಣದ ಮೊತ್ತ ಮಾತ್ರ ಖಚಿತ. ಗುಣಮಟ್ಟಕ್ಕೆ ಟ್ರೈಲರೇ ಸಾಕ್ಷಿ. ಹೀಗಿರುವಾಗ ಸಲಮ್ ಎಲ್ಲಿ ಮುಗಿಯುತ್ತದೆ, ಗರರ್ ಎಲ್ಲಿ ಆರಂಭವಾಗುತ್ತದೆ?

ಇಷ್ಟು ಹೇಳಿದರೆ ಅರ್ಧ ನ್ಯಾಯವಾದೀತು. ತೂಕದಲ್ಲಿ ವಂಚಿಸುವವರ ಬಗ್ಗೆಯೇ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ: ‘ಅಲ್ ಮುತಫ್ಫಿಫೀನ್’. ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಕೊಡುವವರನ್ನು ಅದು ಎಚ್ಚರಿಸುತ್ತದೆ. ಆ ತಕ್ಕಡಿಯಲ್ಲಿ ಆಟಗಾರನೂ ನಿಲ್ಲಬೇಕಲ್ಲವೇ? 2016ರಲ್ಲಿ ಬ್ರಿಟನ್ನಿನ ‘ನೋ ಮ್ಯಾನ್ಸ್ ಸ್ಕೈ’ ಆಟ ಕೆಲವು ವಾರ ತಡವಾಗುತ್ತದೆಂದು ಪ್ರಕಟಿಸಿದಾಗ ಅದರ ಮುಖ್ಯಸ್ಥ ಶಾನ್ ಮರ್ರಿಗೆ ಕೊಲೆ ಬೆದರಿಕೆಗಳು ಬಂದವು. ಕೊಟ್ಟ ಭರವಸೆಗಳೆಲ್ಲ ಆಟದಲ್ಲಿರಲಿಲ್ಲ ಎಂಬುದು ಬಿಡುಗಡೆಯ ನಂತರದ ಮಾತು. ಬೆದರಿಕೆ ಅದಕ್ಕೂ ಮುಂಚಿನದು. ಆ ಸಣ್ಣ ಕಂಪನಿ ಓಡಿಹೋಗದೆ, ವರ್ಷಗಟ್ಟಲೆ ದುಡಿದು, ಬಿಟ್ಟುಹೋದದ್ದನ್ನು ಉಚಿತವಾಗಿ ಸೇರಿಸುತ್ತಾ ಬಂತು. ಬೈದವರೇ ಮೆಚ್ಚಿದರು. ಪ್ರಾಯಶ್ಚಿತ್ತವೆಂದರೆ ಬಹುಶಃ ಇದೇ: ಕ್ಷಮೆ ಕೇಳುವುದಕ್ಕಿಂತ ಹೆಚ್ಚಾಗಿ ಬಾಕಿ ತೀರಿಸುವುದು.

ನಮ್ಮ ಆತುರಕ್ಕೆ ಬೆಲೆ ತೆರುವವರು ಬೇರೆಯವರೂ ಇದ್ದಾರೆ. ಸೈಬರ್‌ಪಂಕ್ ಮುಗಿಸಲು ಆ ಕಂಪನಿ, ಹಾಗೆ ಮಾಡುವುದಿಲ್ಲವೆಂದು ಹಿಂದೆ ಹೇಳಿದ್ದರೂ, ತನ್ನ ನೌಕರರಿಂದ ವಾರಕ್ಕೆ ಆರು ದಿನ ದುಡಿಸಿತು. ಕೊಳ್ಳುವವರಿಗೆ ಕೊಟ್ಟ ಮಾತಿಗಿಂತ ಮೊದಲು ಮುರಿದದ್ದು ದುಡಿಯುವವರಿಗೆ ಕೊಟ್ಟ ಮಾತು. ಗಂಜ್‌ನಲ್ಲಿ ದರ ಏರಿತೋ ಇಳಿಯಿತೋ ಎಂದು ನಾವು ಚರ್ಚಿಸುವಾಗ ಚೀಲ ಹೊರುವ ಹಮಾಲನ ಬೆನ್ನು ನಮಗೆ ಕಾಣುವುದೇ ಇಲ್ಲ.

ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: “ಅವರು ಹೇಳಿದ್ದೇನು, ನೀನು ಅಂದುಕೊಂಡದ್ದೇನು, ಎರಡನ್ನೂ ಬೇರೆ ಬೇರೆ ಬರೆದು ನೋಡು. ಹೇಳಿದ್ದರಲ್ಲಿ ಕಡಿಮೆ ಬಿದ್ದಿದ್ದರೆ ಹಣ ವಾಪಸ್ ಕೇಳು, ಅದು ನಿನ್ನ ಹಕ್ಕು. ಅಂದುಕೊಂಡದ್ದರಲ್ಲಿ ಕಡಿಮೆ ಬಿದ್ದಿದ್ದರೆ ಸುಮ್ಮನಿರು.”

ಅವನು ಸ್ವಲ್ಪ ಹೊತ್ತು ಯೋಚಿಸಿ, “ಎರಡೂ ಅದಾವು ಮಾಮು” ಎಂದ. ಪ್ರಾಮಾಣಿಕ ಉತ್ತರ. ರಾಶಿಯೊಳಗೆ ಕೈ ಹಾಕುವವನು ತನ್ನ ಎದೆಯೊಳಗೂ ಒಮ್ಮೆ ಕೈ ಹಾಕಿ ನೋಡಿದರೆ ಸಿಗುವುದು ಇಂಥ ಉತ್ತರವೇ.