ರುಜು ಹಾಕಿದ ಮೇಲೆ

ಗುಮಾಸ್ತನಾದವನಿಗೆ ರುಜುವೆಂದರೆ ಬಿಡುಗಡೆ. ಟಿಪ್ಪಣಿ ಬರೆದು, ರುಜು ಹಾಕಿ, ಫೈಲನ್ನು ಮುಂದಿನ ಮೇಜಿಗೆ ದಾಟಿಸಿದರೆ ನಮ್ಮ ಹೊಣೆ ತೀರಿತು. ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ನಾನು ಹೀಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವರು ಡೊಂಬಿವಲಿಯ ನಮ್ಮ ಕಟ್ಟಡದ ಕೆಳಮಹಡಿಯ ರಾಯರು.

ರಾಯರು ಮೂವತ್ತನಾಲ್ಕು ವರ್ಷ ಮುಂಬೈ ಹೈ ಎಣ್ಣೆ ಕ್ಷೇತ್ರದಲ್ಲಿ ದುಡಿದವರು. ತೀರದಿಂದ ಸುಮಾರು 160 ಕಿಲೋಮೀಟರು ದೂರದ ನಡುಗಡಲಿನಲ್ಲಿ ಹದಿನಾಲ್ಕು ದಿನ, ಮನೆಯಲ್ಲಿ ಹದಿನಾಲ್ಕು ದಿನ. ಮಗಳ ನಾಮಕರಣಕ್ಕೂ ಅವರಿರಲಿಲ್ಲ. 2005ರ ಜುಲೈ 27ರಂದು ಅಲ್ಲಿ ಬೆಂಕಿ ಬಿದ್ದು 22 ಜನ ಮಡಿದಾಗ, ಮನೆಯ ಪಾಳಿಯಲ್ಲಿದ್ದುದರಿಂದ ಉಳಿದರು. “ನಿಮ್ಮಲ್ಲಿ ಕಾಗದ ತಪ್ಪಿದರೆ ಮೆಮೋ ಬರುತ್ತದಪ್ಪಾ, ನಮ್ಮಲ್ಲಿ ತಪ್ಪಿದರೆ ಹೆಣ ಬರುತ್ತದೆ” ಎಂದು ಒಮ್ಮೆ ಅಂದರು.

ಆ ದಿನ ಅವರು ಹೇಳಿದ್ದು ಸ್ಕಾಟ್ಲೆಂಡಿನಾಚೆ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನ ಕಥೆ. 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ಬಿಚ್ಚಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಕೊಳವೆಯ ಬಾಯಿಗೆ ಲೋಹದ ಬಿಲ್ಲೆ ಮುಚ್ಚಿ, ಅನುಮತಿ ಚೀಟಿಯನ್ನು ಒಪ್ಪಿಸಿ ಹೋದರು. ರಾತ್ರಿ ಇನ್ನೊಂದು ಪಂಪು ನಿಂತಿತು. ಆ ಪಾಳಿಯವರಿಗೆ ಕವಾಟದ ಸಂಗತಿ ತಿಳಿದಿರಲಿಲ್ಲ. ಬಿಚ್ಚಿದ್ದ ಪಂಪನ್ನೇ ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಯಿತು. 167 ಜನ ಸತ್ತರು.

ಇಲ್ಲಿ ಪಾಪ ಯಾರದು? ಬಿಎಸ್ಸಿ ಓದಿದ ನನ್ನ ಬುದ್ಧಿ ಮೊದಲು ಕಾರಣವನ್ನು ಹುಡುಕಿತು. ಕಾರಣವೇನೋ ಸಿಕ್ಕಿತು, ಬಿಲ್ಲೆ ಬಿಗಿಯಾಗಿರಲಿಲ್ಲ. ಆದರೆ ಹೊಣೆ? ಚೀಟಿ ಬರೆದವನು ಚೀಟಿ ಬರೆದಿದ್ದ. ಪಂಪು ನಡೆಸಿದವನು ಆ ಚೀಟಿಯನ್ನು ಕಂಡಿರಲಿಲ್ಲ. ವಿಚಾರಣೆ ನಡೆಸಿದ ಲಾರ್ಡ್ ಕಲನ್ 1990ರ ವರದಿಯಲ್ಲಿ 106 ಶಿಫಾರಸು ಮಾಡಿದರು. ಅವರು ಚೀಟಿಯೇ ಬೇಡವೆನ್ನಲಿಲ್ಲ, ಆ ಪದ್ಧತಿಯನ್ನು ಬಿಗಿಗೊಳಿಸಬೇಕೆಂದರು.

ನನಗೆ ನೆನಪಾದದ್ದು ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಫೈಲು. ಒಂದು ದಾಖಲೆ ಕಡಿಮೆಯಿದೆಯೆಂದು ಟಿಪ್ಪಣಿ ಬರೆದು, ತಮ್ಮನ ಮಗನ ಉಪನಯನಕ್ಕೆ ಊರಿಗೆ ಹೋದೆ. ಟಿಪ್ಪಣಿ ಸರಿಯಾಗಿಯೇ ಇತ್ತು. ಆದರೆ ಆಕೆಗೆ ಯಾರೂ ತಿಳಿಸಲಿಲ್ಲ. ಏಳು ತಿಂಗಳ ಮೇಲೆ ಆಕೆಯೇ ಮೆಟ್ಟಿಲು ಹತ್ತಿ ಬಂದರು. ವಿಷಯ ಹೇಳಿದೆ. ಮರುದಿನವೇ ಆ ದಾಖಲೆ ತಂದುಕೊಟ್ಟರು. ಮೊದಲಿನಿಂದಲೂ ಅದು ಅವರ ಟ್ರಂಕಿನಲ್ಲೇ ಇತ್ತು. ಆ ಏಳು ತಿಂಗಳು ಅವರ ಮನೆಯ ಒಲೆ ಹೇಗೆ ಉರಿಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

“ರಾಯರೇ, ಮೇಜಿನ ಮೇಲೆ ಇನ್ನೂರು ಫೈಲಿವೆ. ಒಂದೊಂದರ ಬೆನ್ನು ಹತ್ತಿದರೆ ಗುಮಾಸ್ತ ಬದುಕುವುದೆಂತು?” ಎಂದು ಕೇಳಿದೆ.

“ಎಲ್ಲದರ ಬೆನ್ನು ಹತ್ತಬೇಡಿ. ಪಾಳಿ ಬದಲಾಗುವಾಗ ನಾನು ಚೀಟಿ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಬರುವವನನ್ನು ಯಂತ್ರದ ಹತ್ತಿರ ಕರೆದೊಯ್ದು, ತೋರಿಸಿ, ಅವನ ಬಾಯಿಂದಲೇ ಹೇಳಿಸುತ್ತಿದ್ದೆ. ಐದು ನಿಮಿಷದ ಕೆಲಸ.”

ರುಜು ನನ್ನನ್ನು ಮೆಮೋದಿಂದ ಉಳಿಸೀತು. ಆದರೆ ಕರ್ತವ್ಯ ತೀರುವುದು ಕಾಗದ ನನ್ನ ಕೈಬಿಟ್ಟಾಗ ಅಲ್ಲ, ಅದರೊಳಗಿನ ವಿಷಯ ಬೇಕಾದವರಿಗೆ ಮುಟ್ಟಿದಾಗ ಎಂದು ಈಗ ತೋರುತ್ತದೆ. ದಾಖಲೆ ಕಡಿಮೆಯಿರುವ ಫೈಲು ಬಂದರೆ ಈಗ ಆ ಮನೆಗೆ ಒಂದು ಫೋನು ಮಾಡುತ್ತೇನೆ. ದಿನವೂ ಆಗುತ್ತದೆಂದು ಹೇಳಲಾರೆ. ಆಗದ ದಿನ ಮಾತ್ರ, ರಾಯರ ಬಾಗಿಲ ಮುಂದೆ ಹಾದು ಮೆಟ್ಟಿಲು ಹತ್ತುವಾಗ ಸ್ವಲ್ಪ ಸಂಕೋಚವಾಗುತ್ತದೆ.