ನಾಲ್ಕು ಜನರ ನಡುವೆ

‘ನಾಲ್ಕು ಜನ ಏನಂದಾರು’ ಎಂದು ಅಳುಕುತ್ತೇವೆ. ಆ ನಾಲ್ವರಲ್ಲಿ ಪ್ರತಿಯೊಬ್ಬರಿಗೂ, ಉಳಿದ ಮೂವರ ಜೊತೆ ಸೇರಿದ ನಾಲ್ಕನೆಯವರು ನಾವೇ.

*

ಗುಂಪಿನ ಮೌನ ಒಪ್ಪಿಗೆಯಂತೆ ಕಾಣುತ್ತದೆ. ಎಷ್ಟೋ ಸಲ, ಬೇರೆಯವರು ಬಾಯಿ ಬಿಡಲಿ ಎಂದು ಎಲ್ಲರೂ ಕಾದಿರುತ್ತಾರೆ, ಅಷ್ಟೇ.

*

ಮನಃಶಾಸ್ತ್ರಜ್ಞರಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೋಣೆಯಲ್ಲಿ ಕೂತು ಫಾರಂ ತುಂಬುತ್ತಿದ್ದವರತ್ತ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರನ್ನು ಜೊತೆಗೆ ಕೂರಿಸಿದಾಗ ತಿಳಿಸಿದವರು ನೂರಕ್ಕೆ 10. ಉಳಿದವರು ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಬರೆಯುತ್ತಲೇ ಇದ್ದರು. ಅವರನ್ನು ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ಪಕ್ಕದವರ ಮುಖ ನೋಡಿ, ಇದು ಬೆಂಕಿಯ ಹೊಗೆ ಇರಲಾರದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

*

ಹತ್ತು ಜನ ನೋಡುತ್ತ ನಿಂತರೆ ಹೊಣೆ ಹತ್ತು ಪಾಲಾಗುತ್ತದೆ. ಬಿದ್ದವನ ನೋವು ಪಾಲಾಗುವುದಿಲ್ಲ.

*

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳ ದಾರಿಯಲ್ಲಿ, ಪ್ರಯೋಗಕ್ಕೆಂದು ನರಳುವವನೊಬ್ಬನನ್ನು ಕೂರಿಸಿದ್ದರು. ಸಮಯವಿದೆ ಎಂದು ತಿಳಿದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ಮುಂದಾದರು. ತಡವಾಯಿತು ಎಂದು ಓಡುತ್ತಿದ್ದವರಲ್ಲಿ ನೂರಕ್ಕೆ 10 ಮಂದಿ. ಇವರಲ್ಲಿ ಹಲವರು ಹೊರಟದ್ದೇ, ದಾರಿಯಲ್ಲಿ ಬಿದ್ದ ಅಪರಿಚಿತನಿಗೆ ನೆರವಾದ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆಯ ಮೇಲೆ ಮಾತಾಡಲು. ಒಬ್ಬರನ್ನು ಕಲ್ಲೆದೆಯವರು ಎನ್ನುವ ಮುನ್ನ ಅವರ ಕೈಗಡಿಯಾರವನ್ನೂ ನೋಡಬೇಕು.

*

ಇನ್ನೊಂದು ಪ್ರಯೋಗದಲ್ಲಿ, ಮುಜುಗರ ತರುವ ಟೀ ಶರ್ಟ್ ತೊಟ್ಟು ಜನರಿದ್ದ ಕೋಣೆ ಹೊಕ್ಕವರು, ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿದರೆಂದುಕೊಂಡರು. ಗಮನಿಸಿದವರು ಅದರ ಅರ್ಧ.

*

ಮನಃಶಾಸ್ತ್ರಜ್ಞ ಸೊಲೊಮನ್ ಆಶ್ 1950ರ ದಶಕದಲ್ಲಿ, ಪ್ರಯೋಗಕ್ಕೆ ಬಂದವರಿಗೆ ಗೆರೆಗಳ ಉದ್ದ ಹೋಲಿಸಲು ಹೇಳಿದ. ಜೊತೆಗೆ ಕೂರಿಸಿದ್ದ, ಮೊದಲೇ ಹೇಳಿಕೊಟ್ಟಿದ್ದ ಗುಂಪು ಬೇಕೆಂದೇ ತಪ್ಪು ಹೇಳಿತು. ಕಣ್ಣೆದುರಿನ ನಿಜ ಬಿಟ್ಟು ಒಮ್ಮೆಯಾದರೂ ಅದಕ್ಕೆ ದನಿಗೂಡಿಸಿದವರು ಮುಕ್ಕಾಲು ಪಾಲು. ಈ ಮಾತು ಬಹಳ ಜನರಿಗೆ ಗೊತ್ತು. ಹೆಚ್ಚು ಮುಖ್ಯವಾದದ್ದು ಅದರ ಮುಂದಿನದು: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದಾಗ ಆ ಹಿಡಿತ ಬಹುಪಾಲು ಸಡಿಲಿತು.

*

ಸಭೆಯಲ್ಲಿ ಮೊದಲು ‘ನನಗೆ ಅರ್ಥವಾಗಲಿಲ್ಲ’ ಎಂದವರು ಎಷ್ಟೋ ಮಂದಿಯ ಪರವಾಗಿ ಮಾತಾಡಿರುತ್ತಾರೆ.

*

ಅಪಘಾತದಲ್ಲಿ ಕೈಹಚ್ಚಿದರೆ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಭಯ ನಮ್ಮಲ್ಲಿ ಇನ್ನೂ ಹೋಗಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಇದನ್ನು ಮನೆಯವರಿಗೂ ತಿಳಿಸಿ.

*

ರಸ್ತೆಯಲ್ಲಿ ಯಾರಾದರೂ ಬಿದ್ದಾಗ ‘ಯಾರಾದ್ರೂ ಆಂಬುಲೆನ್ಸ್ ಕರೀರಿ’ ಎಂದು ಗುಂಪಿಗೆ ಕೂಗಬೇಡಿ. ಒಬ್ಬರನ್ನು ನೇರವಾಗಿ ನೋಡಿ ಹೇಳಿ: ‘ನೀಲಿ ಅಂಗಿಯವ್ರೇ, ನೀವು ಈಗಲೇ 108ಕ್ಕೆ ಫೋನ್ ಮಾಡಿ.’